ಪಂಜಾಬಿ ಮೇಷ್ಟ್ರಿಗೆ ಎಂಥ ಪರೀಕ್ಷೆ?

ಗ್ರೂಪ್ ಸಿ ಮತ್ತು ಡಿ ಹುದ್ದೆ ಬಯಸುವವರು ಪಂಜಾಬಿ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ ಶೇ 50 ಅಂಕ ಪಡೆಯಲೇಬೇಕೆಂದು ಪಂಜಾಬ್ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಇದರ ಬಿಸಿ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿಗೂ ತಟ್ಟಿ, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ನಿಯಮದ ಉದ್ದೇಶದಲ್ಲಿ ತಪ್ಪಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಮಕ್ಕಳು ಪಂಜಾಬಿ ಕಲಿಯಲೇಬೇಕೆಂದು 2008ರಲ್ಲೇ ಕಾನೂನು ಮಾಡಿದ ರಾಜ್ಯ, ಕಲಿಸುವವರಿಂದ ಅದಕ್ಕಿಂತ ಕಡಿಮೆ ಕೇಳುವುದು ಹೇಗೆ? ಶಿಕ್ಷಕರ ಅರ್ಹತಾ ಪರೀಕ್ಷೆ ಈಗಾಗಲೇ ಇದೆಯಲ್ಲ ಎನ್ನಬಹುದು. ಅದರ 150 ಅಂಕಗಳಲ್ಲಿ ಪಂಜಾಬಿಗೆ ಇರುವುದು 30. ಸಾಮಾನ್ಯ ವರ್ಗದವರಿಗೆ ಒಟ್ಟು 90 ಬಂದರೆ ಸಾಕು. ಪಂಜಾಬಿಯಲ್ಲಿ ಹತ್ತೇ ಅಂಕ ಗಳಿಸಿದವರೂ ಗಣಿತ, ಇಂಗ್ಲಿಷ್‌ಗಳ ಬಲದಿಂದ ದಾಟಿಬಿಡಬಹುದು. ಹಾಗಾಗಿ ಪ್ರತ್ಯೇಕ ಪರೀಕ್ಷೆ ಬೇಕು. ನನ್ನ ತಕರಾರು ಇರುವುದು ಭಾಷೆಯ ಜೊತೆಗೆ ‘ಸಂಸ್ಕೃತಿ’ಯನ್ನೂ ಸಾಮಾನ್ಯಜ್ಞಾನದ ಪ್ರಶ್ನೆ ಮಾಡಿ ಅಳೆಯುವ ಹಂಬಲದ ಬಗ್ಗೆ.

ತರಗತಿಯಲ್ಲಿ ಏನಾಗುತ್ತದೆ ನೋಡಿ. ಪಂಜಾಬಿ ಸ್ವರದ ಏರಿಳಿತದಿಂದಲೇ ಪದದ ಅರ್ಥ ಬದಲಾಗುವ ಭಾಷೆ. ಗುರುಮುಖಿ ಲಿಪಿಯಲ್ಲಿ ‘ಘೋಡಾ’ (ಕುದುರೆ) ಎಂದು ಬರೆದದ್ದನ್ನು ಊರಿನವರು ತಗ್ಗಿದ ಸ್ವರದಲ್ಲಿ ‘ಕೋಡಾ’ ಎಂಬಂತೆ ಉಚ್ಚರಿಸುತ್ತಾರೆ. ಕಿವಿಗೆ ಕೇಳಿದ್ದನ್ನೇ ಬರೆಯುವ ಎರಡನೇ ತರಗತಿಯ ಹುಡುಗಿ ‘ಘ’ ಇರಬೇಕಾದಲ್ಲಿ ‘ಕ’ ಬರೆದರೆ ಅದು ದಡ್ಡತನವಲ್ಲ, ಅವಳ ಕಿವಿ ಚುರುಕಾಗಿದೆ ಎಂದರ್ಥ. ಲುಧಿಯಾನದ ಕಾರ್ಖಾನೆಗಳಿಗೆ ದುಡಿಯಲು ಬಂದ ಬಿಹಾರಿ ಕುಟುಂಬದ ಹುಡುಗ ಅದೇ ಪದವನ್ನು ಹಿಂದಿಯ ಧಾಟಿಯಲ್ಲಿ ಓದಿ, ಕಾಗುಣಿತ ಸರಿಯಾಗಿ ಬರೆದು, ಮಾತಿನಲ್ಲಿ ಎಡವುತ್ತಾನೆ. ಇಬ್ಬರ ತೊಡಕೂ ಬೇರೆ, ಮದ್ದೂ ಬೇರೆ. ಇದನ್ನು ಗುರುತಿಸಬಲ್ಲವರೇ ಮೇಷ್ಟ್ರು. ಪಂಜಾಬಿ ಕವಿ ವಾರಿಸ್ ಶಾಹ್ ‘ಹೀರ್’ ಕಾವ್ಯ ಮುಗಿಸಿದ್ದು 1766ರಲ್ಲಿ ಎಂದು ಗುರುತು ಹಾಕುವುದರಿಂದ ಈ ಕೌಶಲ ಪತ್ತೆಯಾಗದು. ಆ ಇಸವಿಯನ್ನು ಕೋಚಿಂಗ್ ಸೆಂಟರ್ ಒಂದೇ ಸಂಜೆಯಲ್ಲಿ ಉರುಹೊಡೆಸುತ್ತದೆ.

ಸಂಸ್ಕೃತಿ ಗೊತ್ತಿಲ್ಲದ ಶಿಕ್ಷಕ ಬರೀ ವ್ಯಾಕರಣದ ಯಂತ್ರವಾಗುತ್ತಾನೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಯಾರ ಸಂಸ್ಕೃತಿ? ಪಂಜಾಬಿನೊಳಗೇ ಮಾಝಾ ಪ್ರದೇಶದ ಮಾತು ಮಾಲ್ವಾ ಪ್ರದೇಶದ್ದಲ್ಲ. ಅಬೋಹರ್ ಕಡೆ ಬಾಗಡಿ ಆಡುತ್ತಾರೆ. ಮಾಲೇರ್‌ಕೋಟ್ಲಾದ ಮುಸ್ಲಿಮರೂ ಪಂಜಾಬಿಗಳೇ. ಸೂಫಿ ಬಾಬಾ ಫರೀದರ ರಚನೆಗಳು ಗುರು ಗ್ರಂಥ ಸಾಹಿಬ್‌ನಲ್ಲೇ ಸೇರಿವೆ. ಇಷ್ಟು ಹರವಿನದನ್ನು ನಾಲ್ಕು ಆಯ್ಕೆಗಳ ಪ್ರಶ್ನೆಗೆ ಇಳಿಸಿದರೆ ಉಳಿಯುವುದು ಪ್ರಶ್ನೆಪತ್ರಿಕೆ ತಯಾರಿಸುವವರ ಸಂಸ್ಕೃತಿ ಮಾತ್ರ. ಇನ್ನೂ ಒಂದು ಅಪಾಯವಿದೆ. ಸರ್ಕಾರಿ ನೌಕರಿಯಲ್ಲಿ ಹುಟ್ಟಿದ ಊರಿನ ಆಧಾರದ ಮೇಲೆ ತಾರತಮ್ಯ ಮಾಡಕೂಡದೆಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ಭಾಷೆಯನ್ನು ಹರಿಯಾಣದವರೂ ಕಲಿಯಬಹುದು, ಕನ್ನಡಿಗರೂ ಕಲಿಯಬಹುದು. ಊರಹಬ್ಬ, ಮದುವೆ ಶಾಸ್ತ್ರಗಳ ಪ್ರಶ್ನೆ ಮಾತ್ರ ‘ನೀನು ಎಲ್ಲಿಯವನು’ ಎಂದು ಹಿತ್ತಿಲ ಬಾಗಿಲಿನಿಂದ ಕೇಳಿದಂತೆ.

ಹಾಗಾದರೆ ಅಳೆಯುವುದು ಹೇಗೆ? ಮಕ್ಕಳು ಬರೆದ ತಪ್ಪುಸಹಿತ ಉತ್ತರಗಳನ್ನು ಕೊಟ್ಟು ತಿದ್ದಿಸಿ, ತಪ್ಪಿನ ಕಾರಣ ಬರೆಸಬಹುದು. ಹಳ್ಳಿಯವರ ಮಾತಿನ ಧ್ವನಿಮುದ್ರಣ ಕೇಳಿಸಿ ಸಾರಾಂಶ ಕೇಳಬಹುದು. ಒಂದು ಜನಪದ ಕಥೆಯನ್ನು ಮೂರನೇ ತರಗತಿಗೆ ಹೇಗೆ ದಾಟಿಸುತ್ತೀರಿ ಎಂದರೆ ಸಂಸ್ಕೃತಿಯೂ ಅಲ್ಲೇ ಹೊರಬೀಳುತ್ತದೆ. ಇಂಥ ಪತ್ರಿಕೆಯ ಮೌಲ್ಯಮಾಪನದಲ್ಲಿ ವಶೀಲಿ ನುಸುಳುತ್ತದೆ, ಸಾವಿರಾರು ಅಭ್ಯರ್ಥಿಗಳಿದ್ದಾಗ ಯಂತ್ರ ಎಣಿಸುವ ಒಎಂಆರ್ ಹಾಳೆಯೇ ಕ್ಷೇಮ ಎನ್ನುವವರಿದ್ದಾರೆ. ನೇಮಕಾತಿ ಹಗರಣ ಕಂಡ ಯಾವ ರಾಜ್ಯದವರೂ ಈ ಭಯವನ್ನು ನಗಣ್ಯ ಮಾಡಲಾರರು. ಆದರೂ ಹೆಸರು ಮರೆಮಾಚಿ ಇಬ್ಬರಿಂದ ತಿದ್ದಿಸುವುದು ಆಗದ ಕೆಲಸವಲ್ಲ. ನಮ್ಮ ಕೆಪಿಎಸ್‌ಸಿಯ ಕಡ್ಡಾಯ ಕನ್ನಡ ಪತ್ರಿಕೆಯಂತೆ ಇದನ್ನೂ ಅರ್ಹತೆಗಷ್ಟೇ ಸೀಮಿತಗೊಳಿಸಿ ಅಂಕವನ್ನು ರ‍್ಯಾಂಕಿಗೆ ಸೇರಿಸದಿದ್ದರೆ, ಅರ್ಧ ಅಂಕಕ್ಕಾಗಿ ಲಂಚ ಕೊಡುವ ಆಸೆಯೂ ಬಹುಮಟ್ಟಿಗೆ ಇಳಿಯುತ್ತದೆ. ಪರೀಕ್ಷೆಗೆ ಖರ್ಚು ಹೆಚ್ಚಾದೀತು, ನಿಜ. ಆದರೆ ನೇಮಕವಾದ ಮೇಷ್ಟ್ರು ಇಪ್ಪತ್ತೈದು, ಮೂವತ್ತು ವರ್ಷ ಅದೇ ರಾಜ್ಯದ ಮಕ್ಕಳ ಮುಂದೆ ನಿಲ್ಲುವವರು.