ತಾಣಕ್ಕೊಂದು ಹಗೇವು

ಜೋಳವನ್ನೆಲ್ಲ ಒಂದೇ ಹಗೇವಿಗೆ ಸುರಿದರೆ ಏನಾದೀತೆಂಬುದನ್ನು ಶಲವಡಿಯ ಹಿರಿಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಬದಿಯಲ್ಲಿ ನೀರು ಜಿನುಗಿದರೂ ಸಾಕು, ಇಡೀ ಕಾಳು ಮುಗ್ಗು ಹಿಡಿಯುತ್ತದೆ. ಇಂಟರ್‌ನೆಟ್ ನೋಡಲು ಬಳಸುವ ಬ್ರೌಸರ್‌ಗಳದೂ ಬಹುಕಾಲ ಇದೇ ಪಾಡಾಗಿತ್ತು.

ಫೈರ್‌ಫಾಕ್ಸ್ ಎಂಬ ಬ್ರೌಸರನ್ನೇ ನೋಡಿ. ಬ್ಯಾಂಕಿನ ಖಾತೆ, ಪಹಣಿಯ ಪುಟ, ಊರು ಹೆಸರಿಲ್ಲದ ಯಾವುದೋ ತಾಣ ಎಲ್ಲವೂ ಹಿಂದೆ ಅದರೊಳಗೆ ಒಂದೇ ಪ್ರಕ್ರಿಯೆಯಲ್ಲಿ ಓಡುತ್ತಿದ್ದವು. ಒಂದು ಪುಟದಲ್ಲಿ ನುಸುಳಿದ ಕೇಡು ಉಳಿದೆಲ್ಲಕ್ಕೂ ಕೈಚಾಚಬಹುದಿತ್ತು. ಪುಟಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡೋಣವೆಂದರೆ ಅಡ್ಡಿಯೊಂದಿತ್ತು. ಯಾರು ಬೇಕಾದರೂ ಬರೆದು ಜೋಡಿಸಬಹುದಾದ ಸಾವಿರಾರು ಆಡ್-ಆನ್‌ಗಳು ಬ್ರೌಸರಿನ ಒಡಲೊಳಗೆ ನೇರವಾಗಿ ಕೈಹಾಕುತ್ತಿದ್ದವು. ಗೋಡೆ ಕಟ್ಟಿದರೆ ಅವು ಕೆಡುತ್ತವೆ. ಅವನ್ನು ಉಳಿಸಿದರೆ ಗೋಡೆ ಏಳದು.

ಮೊಜಿಲ್ಲಾ ಸಂಸ್ಥೆ 2015ರ ಆಗಸ್ಟ್‌ನಲ್ಲಿ ಹಳೆಯ ದಾರಿ ಮುಚ್ಚುವುದಾಗಿ ಸಾರಿತು. 2017ರ ನವೆಂಬರ್ 14ರಂದು ಬಂದ 57ನೆಯ ಆವೃತ್ತಿಯಲ್ಲಿ ಮುಚ್ಚಿಯೂ ಬಿಟ್ಟಿತು. ಅಂದಿನಿಂದ ಆಡ್-ಆನ್ ತನಗೇನು ಬೇಕೆಂದು ಮೊದಲೇ ಹೇಳಿ, ವೆಬ್‌ಎಕ್ಸ್‌ಟೆನ್ಶನ್ಸ್ ಎಂಬ ಕಿರುಗಿಂಡಿಯಿಂದಲೇ ಪಡೆಯಬೇಕು. ಎರಡೇ ತಿಂಗಳಲ್ಲಿ, 2018ರ ಜನವರಿಯಲ್ಲಿ, ಸ್ಪೆಕ್ಟರ್ ಎಂಬ ದೋಷ ಬಯಲಾಯಿತು. ಒಂದೇ ಪ್ರಕ್ರಿಯೆಯಲ್ಲಿರುವ ಬೇರೊಂದು ತಾಣದ ಗುಟ್ಟನ್ನು ಪುಟವೊಂದು ಪ್ರೊಸೆಸರಿನ ವರ್ತನೆಯಿಂದಲೇ ಊಹಿಸಬಹುದೆಂದು ತಿಳಿಯಿತು. ತಾಣಕ್ಕೊಂದು ಹಗೇವು ಎಂಬಂಥ ವ್ಯವಸ್ಥೆ ಫೈರ್‌ಫಾಕ್ಸ್‌ನಲ್ಲಿ 2021ರಲ್ಲಿ ಬಂತು. ಹಳೆಯ ದಾರಿ ತೆರೆದೇ ಇದ್ದಿದ್ದರೆ ಅದು ಸುಲಭವಾಗುತ್ತಿರಲಿಲ್ಲ.

ನಷ್ಟವೂ ಆಯಿತು. ಬಿಡುವಿನ ವೇಳೆಯಲ್ಲಿ ಯಾರೋ ಬರೆದು ಪುಕ್ಕಟೆ ಹಂಚಿದ್ದ ಎಷ್ಟೋ ಆಡ್-ಆನ್‌ಗಳನ್ನು ಮತ್ತೆ ಬರೆಯುವವರಿಲ್ಲದೆ ಹೋಯಿತು. ಬರೆಯುತ್ತೇವೆಂದ ಕೆಲವರಿಗೆ ಕಿರುಗಿಂಡಿ ಸಾಲಲಿಲ್ಲ.

ಧಾರವಾಡ ಸೀಮೆಗೆ ಇದು ಹೊಸ ಅನುಭವವೇನಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದಾಗ ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ದಾಖಲೆ ತಿದ್ದುವ ಕೈಗಳಿಗೆ ಕಡಿವಾಣ ಬಿತ್ತು, ನಿಜ. ಆದರೆ ತಲಾಟಿಯ ಬಳಿ ಸಿಗುತ್ತಿದ್ದ ಕಾಗದಕ್ಕಾಗಿ ಶಲವಡಿಯವರು ಆಗಿನ ತಾಲೂಕು ಕೇಂದ್ರ ನವಲಗುಂದದ ದಾರಿ ಹಿಡಿಯಬೇಕಾಯಿತು. ಅಂಗೈಯ ಮೊಬೈಲಿಗೇ ಪಹಣಿ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಕೇಡು ನುಗ್ಗುವ ಬಾಗಿಲನ್ನು ಮುಚ್ಚುವುದು ತಪ್ಪಲ್ಲ. ಆದರೆ ಮುಚ್ಚುವ ಮೊದಲು ಸಾಕಷ್ಟು ದಿನ ಸಾರಬೇಕು, ಹೊಸ ಬಾಗಿಲು ಸಿದ್ಧವಿರಬೇಕು, ಅದರಲ್ಲಿ ಬಡವನ ಗಂಟೂ ದಾಟುವಷ್ಟು ಜಾಗವಿರಬೇಕು.