ಕೇಳಿ ಹಂಚೋಣ



ದಸರಾ ರಜೆಗೆ ಬೆಂಗಳೂರಿನ ವಿಜಯನಗರಕ್ಕೆ, ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರ ನಾಲ್ಕು ವರ್ಷದ ಮಗನಿಗೆ ಕಡಲೆಬೀಜ, ಮೊಟ್ಟೆ ಆಗಲ್ಲ. ತಿಂದರೆ ತುಟಿ ಊದಿಕೊಳ್ಳುತ್ತೆ, ಮೈಯೆಲ್ಲ ದದ್ದು ಏಳುತ್ತೆ. ಇದಕ್ಕೆ ಅಲರ್ಜಿ ಅಂತಾರೆ. ಪಕ್ಕದ ಮನೆ ಹುಟ್ಟುಹಬ್ಬದಲ್ಲಿ ಎಲ್ಲರೂ ತಿಂತಿದ್ದರು, ಅವನು ಮಾತ್ರ ನೋಡ್ತಾ ಕೂತಿದ್ದ. "ಒಂದು ಚೂರು ತಿಂದ್ರೆ ಏನಾಗುತ್ತೆ?" ಅಂದರು ಒಬ್ಬರು. ಇದು ತಪ್ಪು. ಕೆಲವರಿಗೆ ಒಂದು ಚೂರಿಗೇ ಉಸಿರು ಕಟ್ಟಬಹುದು.

ಮಾರನೇ ದಿನ ಪಾತ್ರೆಗಳನ್ನು ಚೆನ್ನಾಗಿ ತೊಳೆದು ನಾವೇ ಬಿಸ್ಕತ್ತು ಮಾಡಿದೆವು. ರಾಗಿಹಿಟ್ಟು, ಬೆಲ್ಲ, ಕಿವುಚಿದ ಬಾಳೆಹಣ್ಣು, ಖರ್ಜೂರ, ತೆಂಗಿನೆಣ್ಣೆ, ಒಣಶುಂಠಿ, ಏಲಕ್ಕಿ, ಇಷ್ಟೇ. ಕುಕ್ಕರಿನ ತಳಕ್ಕೆ ಉಪ್ಪು ಹಾಕಿ, ವಿಷಲ್ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಿದೆವು. ಅಕ್ಕಪಕ್ಕದ ಮಕ್ಕಳನ್ನೂ ಕರೆದೆವು. ಒಂದೂ ಉಳಿಯಲಿಲ್ಲ! ಅವನೇ ಎಲ್ಲರಿಗೂ ಹಂಚಿದ.

ನಮ್ಮ ಶಾಲೆಯಲ್ಲಿ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡ್ತಾರೆ, ಯಾರೂ ನಗಲ್ಲ. ಹಾಗೇ ಹುಟ್ಟುಹಬ್ಬಕ್ಕೆ ಹಂಚುವ ಮುಂಚೆ "ಯಾರಿಗೆ ಏನು ಆಗಲ್ಲ?" ಅಂತ ಕೇಳೋಣ. 2020ರ ನಿಯಮದಂತೆ ಕಡಲೆಬೀಜ, ಹಾಲು, ಮೊಟ್ಟೆ, ಗೋಧಿ ಇದ್ದರೆ ಪೊಟ್ಟಣದ ಮೇಲೆ ಬರೆದಿರಬೇಕು. ಅದನ್ನು ಓದೋಣ. ಬಿಡಿಯಾಗಿ ತಂದಿದ್ದರೆ ಅಂಗಡಿಯವರನ್ನೇ ಕೇಳೋಣ.

ಎಲ್ಲರೂ ತಿನ್ನುವಂಥದ್ದನ್ನು ಹಂಚಿದರೇ ಅದು ಹಬ್ಬ ಎಂಬುದು ನನ್ನ ಅಭಿಪ್ರಾಯ.

– ಏಳನೇ ತರಗತಿ ವಿದ್ಯಾರ್ಥಿನಿ