ತಲೆ ಹೋದ ಮೇಲೂ ಕೋಳಿ ಓಡುವುದು ನಿಜವೇ?

ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ: ‘ರನ್ನಿಂಗ್ ಅರೌಂಡ್ ಲೈಕ್ ಎ ಹೆಡ್‌ಲೆಸ್ ಚಿಕನ್’. ಅಂದರೆ, ತಲೆ ಕಡಿದ ಕೋಳಿಯಂತೆ ಓಡಾಡುವುದು. ಯಾವುದು ಮೊದಲು, ಯಾವುದು ಆಮೇಲೆ ಎಂದು ತೋಚದೆ ಗಡಿಬಿಡಿಯಲ್ಲಿ ಅತ್ತಿಂದಿತ್ತ ಓಡಾಡುವವರ ಬಗ್ಗೆ ಈ ಮಾತನ್ನು ಆಡುತ್ತಾರೆ. ಹಾಗಾದರೆ ತಲೆಯಿಲ್ಲದ ಕೋಳಿ ನಿಜಕ್ಕೂ ಓಡುತ್ತದೆಯೇ?

ಸ್ವಲ್ಪ ಹೊತ್ತು ಓಡಬಲ್ಲದು. ಹೆಜ್ಜೆ ಹಾಕುವ, ರೆಕ್ಕೆ ಬಡಿಯುವ ಲಯವನ್ನು ಹುಟ್ಟಿಸುವ ನರಜಾಲಗಳು ಇರುವುದು ಬೆನ್ನುಹುರಿಯಲ್ಲಿ. ಯಾವಾಗ ಹೊರಡಬೇಕು, ಯಾವ ಕಡೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದು ಮಿದುಳು. ತಲೆ ಕಡಿದಾಗ ಮಿದುಳಿನ ಹಿಡಿತ ತಪ್ಪುತ್ತದೆ, ಆದರೆ ಬೆನ್ನುಹುರಿಯ ನರಕೋಶಗಳು ಕೂಡಲೇ ಸಾಯುವುದಿಲ್ಲ. ಅವುಗಳಲ್ಲಿ ಆಮ್ಲಜನಕ ಉಳಿದಿರುವಷ್ಟು ಹೊತ್ತು ಕಾಲು, ರೆಕ್ಕೆಗಳು ಆಡುತ್ತವೆ. ಕೋಳಿ ತಪ್ಪಿಸಿಕೊಳ್ಳಲು ಓಡುತ್ತಿದೆ ಎಂದು ನೋಡುವವರಿಗೆ ಅನ್ನಿಸಬಹುದು. ಆದರೆ ಆ ಓಟಕ್ಕೆ ಗುರಿಯಿಲ್ಲ.

ಅಮೆರಿಕದ ಕೊಲರಾಡೊ ರಾಜ್ಯದ ಫ್ರೂಟಾದಲ್ಲಿ 1945ರ ಸೆಪ್ಟೆಂಬರ್‌ನಲ್ಲಿ ಲಾಯ್ಡ್ ಓಲ್ಸನ್ ಎಂಬ ರೈತ ಕಡಿದ ಹುಂಜವೊಂದು ಸಾಯಲೇ ಇಲ್ಲ. ‘ಮೈಕ್’ ಎಂದು ಹೆಸರಾದ ಅದು ಸುಮಾರು 18 ತಿಂಗಳು ಬದುಕಿ, 1947ರಲ್ಲಿ ಸತ್ತಿತು. ಇದು ಪವಾಡವಲ್ಲ. ಏಟು ಮೇಲಕ್ಕೆ ಬಿದ್ದಿದ್ದರಿಂದ ಉಸಿರಾಟ ಮತ್ತು ಹೃದಯ ಬಡಿತವನ್ನು ನೋಡಿಕೊಳ್ಳುವ ಮಿದುಳಿನ ಕಾಂಡದ ಹೆಚ್ಚಿನ ಭಾಗ ಉಳಿದಿತ್ತು. ರಕ್ತ ಹೆಪ್ಪುಗಟ್ಟಿ ರಕ್ತಸ್ರಾವವೂ ನಿಂತಿತ್ತು. ಅನ್ನನಾಳಕ್ಕೆ ಡ್ರಾಪರ್‌ನಿಂದ ಆಹಾರ ಹಾಕಿ ಅದನ್ನು ಸಾಕುತ್ತಿದ್ದರು.

ಈಗ ನುಡಿಗಟ್ಟಿಗೆ ಮರಳೋಣ. ಇದನ್ನು ‘ತಲೆಯಿಲ್ಲದವನು’ ಎಂದು ಕನ್ನಡಕ್ಕೆ ತಂದರೆ ‘ಬುದ್ಧಿಯಿಲ್ಲದವನು’ ಎಂಬ ಬೈಗುಳವಾಗಿಬಿಡುತ್ತದೆ. ಇಂಗ್ಲಿಷಿನ ಮಾತು ಮುಖ್ಯವಾಗಿ ಬೊಟ್ಟು ಮಾಡುವುದು ದಿಕ್ಕಿಲ್ಲದ ಓಡಾಟದ ಕಡೆಗೆ. ಎಷ್ಟೋ ಜನ ತಮ್ಮ ಬಗ್ಗೆಯೇ ಹಾಗೆ ಹೇಳಿಕೊಳ್ಳುತ್ತಾರೆ. ನಮ್ಮ ‘ಕಾಲು ಸುಟ್ಟ ಬೆಕ್ಕಿನಂತೆ’ ಇದಕ್ಕೆ ಹತ್ತಿರದ ಮಾತು. ಆದರೆ ಆ ಬೆಕ್ಕನ್ನು ಓಡಿಸುವುದು ಉರಿ, ಈ ಕೋಳಿಯಲ್ಲಿ ಓಡಿಸುವವರೇ ಇಲ್ಲ.

ಗಾಬರಿಯಾದಾಗ ನಮಗೂ ಸ್ವಲ್ಪಮಟ್ಟಿಗೆ ಹೀಗೇ ಆಗುತ್ತದೆ. ತೀವ್ರ ಒತ್ತಡದಲ್ಲಿ ಅಡ್ರಿನಲಿನ್ ಏರಿ ಮೈ ಓಡಲು ಸಿದ್ಧವಾಗುತ್ತದೆ. ಅದೇ ಹೊತ್ತಿಗೆ, ಯೋಜನೆ ಹಾಕುವ ಮಿದುಳಿನ ಮುಂಭಾಗದ ಕೆಲಸ ಕುಗ್ಗುತ್ತದೆ. ಮನೆಯಲ್ಲಿ ಯಾರೋ ಕುಸಿದು ಬಿದ್ದರೆಂದುಕೊಳ್ಳಿ. ಒಬ್ಬರು ನೀರು ತರಲು, ಇನ್ನೊಬ್ಬರು ಪಕ್ಕದ ಮನೆಗೆ, ಮತ್ತೊಬ್ಬರು ಚಪ್ಪಲಿ ಹುಡುಕಲು ಓಡುತ್ತಾರೆ. ಆಂಬುಲೆನ್ಸ್‌ಗೆ ಯಾರೋ ಕರೆ ಮಾಡಿರುತ್ತಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ, ಕರೆ ಮಾತ್ರ ಹೋಗಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಒಬ್ಬರು ನಿಂತು ಕೆಲಸ ಹಂಚಬೇಕು. ‘ಯಾರಾದರೂ ಫೋನ್ ಮಾಡಿ’ ಎಂದು ಕೂಗುವ ಬದಲು, ಒಬ್ಬರ ಹೆಸರು ಹಿಡಿದು ‘ನೀನು 108ಕ್ಕೆ ಕರೆ ಮಾಡು’ ಎನ್ನಬೇಕು. ಇನ್ನೊಬ್ಬರನ್ನು ಆಂಬುಲೆನ್ಸ್‌ಗೆ ದಾರಿ ತೋರಿಸಲು ಗೇಟಿನ ಬಳಿ ಕಳಿಸಬೇಕು. ಬಿದ್ದವರು ಮಾತಿಗೆ ಓಗೊಡುತ್ತಾರೆಯೇ, ಉಸಿರಾಡುತ್ತಿದ್ದಾರೆಯೇ ಎಂದು ಮತ್ತೊಬ್ಬರು ನೋಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಕೋಳಿಗೆ ಹೋದ ತಲೆ ಮತ್ತೆ ಬರುವುದಿಲ್ಲ. ನಮ್ಮ ತಲೆ ನಮ್ಮಲ್ಲೇ ಇದೆ. ಓಡುವ ಮೊದಲು ಒಮ್ಮೆ ಉಸಿರೆಳೆದುಕೊಂಡು, ಯಾರು ಏನು ಮಾಡಬೇಕೆಂದು ಹೇಳಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.